ನಾಲ್ಕು ಸಲ ‘ಹೃದಯ ಸಹಜ’ ಎಂದು ಬರೆದೆ

ಹೃದಯದ ಪಾಠದ ಕೊನೆಗೆ ಹತ್ತು ಧ್ವನಿಗಳಿದ್ದವು, ಒಂದೊಂದೂ ಹದಿನೈದು ಸೆಕೆಂಡಿನದು. ಯಾವುದೋ ಊರಿನ ಯಾವುದೋ ನಾಯಿಯ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಮುದ್ರಿಸಿಕೊಂಡವು. ಕೇಳಿ, ಸಹಜವೋ ಅಲ್ಲವೋ, ಅಲ್ಲದಿದ್ದರೆ ಯಾವ ಕವಾಟದ ತೊಂದರೆ ಎಂದು ಗುರುತು ಹಾಕಬೇಕಿತ್ತು. ನನ್ನವು ಮೂರು ಸರಿ ಬಂದವು. ಆ ಮೂರೂ ಊಹೆಯೇ.

ಜಹೀರಾಬಾದಿನಲ್ಲಿ ನನ್ನದೊಂದು ಪಶು ಚಿಕಿತ್ಸಾಲಯವಿದೆ. ಎಮ್ಮೆ, ಮೇಕೆ, ಕೋಳಿ, ನಾಯಿ ಎಲ್ಲಕ್ಕೂ ಕೈ ಹಾಕುವ ಸಾಮಾನ್ಯ ವೈದ್ಯೆ ನಾನು. ಬುಧವಾರ ನಾರಾಯಣಖೇಡಕ್ಕೂ ಶನಿವಾರ ತಾಂಡೂರಿಗೂ ಹೋಗಿ ನೋಡಿ ಬರುತ್ತೇನೆ. ನಾಯಿ ಬೆಕ್ಕು ಸಾಕುವವರು ನಮ್ಮ ಕಡೆಯೂ ಹೆಚ್ಚಾಗಿ, ನನ್ನ ಓದು ಸಾಲದು ಅನ್ನಿಸತೊಡಗಿದ್ದರಿಂದ, ನನ್ನಂಥ ಸಾಮಾನ್ಯ ವೈದ್ಯರಿಗಾಗಿಯೇ ಇರುವ ಎರಡು ವರ್ಷದ ಸ್ನಾತಕೋತ್ತರ ತರಬೇತಿಗೆ ಸೇರಿದ್ದೆ. ಎಲ್ಲವೂ ಕಂಪ್ಯೂಟರಿನ ಮೇಲೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ತರಗತಿ. ಹದಿನಾಲ್ಕು ಜನ ಹದಿನಾಲ್ಕು ಚೌಕಗಳಲ್ಲಿ ಕೂತಿರುತ್ತಿದ್ದೆವು, ಬಹುಮಂದಿ ದೊಡ್ಡ ಊರುಗಳವರು. ತಮ್ಮ ಆಸ್ಪತ್ರೆಯ ಸಹೋದ್ಯೋಗಿಗಳ ಜೊತೆ ಚರ್ಚಿಸಿದ್ದನ್ನು ಅವರು ಹೇಳುವಾಗ ನಾನು ಸುಮ್ಮನೆ ಕೇಳುತ್ತಿದ್ದೆ. ನಾಯಿಯ ಹೃದಯದ ಬಗ್ಗೆ ಚರ್ಚಿಸಲು ನನಗೆ ಐವತ್ತು ಕಿಲೋಮೀಟರ್ ಆಚೀಚೆ ಯಾರೂ ಇರಲಿಲ್ಲ.

ಮೂರು ಅಂಕ ಬಂದದ್ದಕ್ಕೆ ಮೊದಲು ಇಂಟರ್ನೆಟ್ಟನ್ನು ಬೈದೆ. ಆಮೇಲೆ ಹೆಡ್‌ಫೋನನ್ನು. ಹೊಸದು ತರಿಸಿ, ಕಿಟಕಿ ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ, ಬೆವರುತ್ತ ಕೂತು ಮತ್ತೆ ಕೇಳಿದೆ. ಕೋಣೆ ನಿಶ್ಶಬ್ದವಾದಷ್ಟೂ ಹೆಚ್ಚು ಕೇಳಿಸಬೇಕಿತ್ತಲ್ಲ, ಹಾಗಾಗಲಿಲ್ಲ. ದೂರದಲ್ಲಿ ಯಾರೋ ದಿಂಬಿಗೆ ಗುದ್ದಿದ ಹಾಗೆ ಒಂದು ಬಡಿತ, ಅದರ ಬೆನ್ನಿಗೆ ಇನ್ನೊಂದು. ನಡುವೆ ಏನೋ ಇದ್ದಂತೆಯೂ ಇರದಂತೆಯೂ ಇತ್ತು.

ಮುಂದಿನ ಭಾನುವಾರ ನಮ್ಮ ಬೋಧಕಿ ನಾಲ್ಕನೆಯ ಧ್ವನಿಯನ್ನು ಎಲ್ಲರಿಗೂ ಕೇಳಿಸಿದರು. ಹೃದ್ರೋಗಗಳಲ್ಲಿ ಹೆಸರು ಮಾಡಿದವರು, ಮಿತಭಾಷಿ. “ಇದು ಸುಲಭದ್ದು,” ಎಂದರು. ಒಬ್ಬೊಬ್ಬರೇ ಉತ್ತರ ಬರೆಯತೊಡಗಿದರು. ಎಡಗಡೆಯ ಕವಾಟದ ಮರ್ಮರ್, ಎಡಗಡೆಯ ಕವಾಟದ ಮರ್ಮರ್. ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ನುಗ್ಗುವಾಗ ಬರುವ ‘ಸುಸ್’ ಎಂಬ ಸದ್ದಿಗೆ ನಾವು ವೈದ್ಯರು ಮರ್ಮರ್ ಅನ್ನುತ್ತೇವೆ. ಆರು ಜನ ಬರೆದ ಮೇಲೆ ನಾನೂ ಅದನ್ನೇ ಬರೆದೆ. ನನಗೆ ಏನೂ ಕೇಳಿಸಿರಲಿಲ್ಲ. ಪರದೆಯ ಮೇಲೆ ನನ್ನ ಹೆಸರಿನ ಮುಂದೆ ಸರಿ ಎಂಬ ಗುರುತು ಬಿತ್ತು. ಹಿಂದೆಂದೂ ಪರೀಕ್ಷೆಯಲ್ಲಿ ನಕಲು ಮಾಡಿದವಳಲ್ಲ ನಾನು. ನಲವತ್ತೊಂದನೆಯ ವಯಸ್ಸಿನಲ್ಲಿ ನನ್ನದೇ ಮನೆಯಲ್ಲಿ, ಯಾರೂ ನೋಡದಿರುವಾಗ ಮಾಡಿದೆ.

ಅದೇ ತರಗತಿಯಲ್ಲಿ ಬೋಧಕಿ ಇನ್ನೊಂದು ಮಾತು ಹೇಳಿದರು. ಸ್ಟೆತಸ್ಕೋಪ್ ಇಡುವ ಮೊದಲು ಅಂಗೈ ಇಡಿ ಎಂದು. ಮರ್ಮರಿಗೆ ಒಂದರಿಂದ ಆರರವರೆಗೆ ದರ್ಜೆ. ಐದನೆಯ ದರ್ಜೆಯದಾದರೆ ಎದೆಯ ಗೋಡೆಯೇ ಕಂಪಿಸುತ್ತದೆ, ಬೆಕ್ಕು ಗುರುಗುಟ್ಟುವಾಗ ಅದರ ಮೈಮೇಲೆ ಕೈ ಇಟ್ಟ ಹಾಗೆ. “ವಯಸ್ಸಾದ ಸಣ್ಣ ಜಾತಿಯ ನಾಯಿ, ತಿಂಗಳುಗಟ್ಟಲೆ ಬಿಡದ ಕೆಮ್ಮು ಎಂದು ಬಂದರೆ, ಕೆಮ್ಮಿನ ಔಷಧ ಬರೆಯುವ ಮೊದಲು ಹೃದಯ ನೋಡಿ,” ಎಂದರು.

ಮೋತಿ ಎಂಬ ನಾಯಿ ಆಗ ನನ್ನ ಕಣ್ಣ ಮುಂದೆ ಬಂತು.

ನಾರಾಯಣಖೇಡದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿಯೊಂದಿದೆ. ಅದನ್ನು ನಡೆಸುವವರಿಗೆ ಐವತ್ತರ ಮೇಲೆ ವಯಸ್ಸು. ಊರೆಲ್ಲ ಅವರನ್ನು ಟೇಲರ್ ಅಕ್ಕ ಅನ್ನುತ್ತದೆ, ನಾನೂ ಅಕ್ಕ ಅನ್ನುತ್ತೇನೆ. ಮೋತಿ ಅವರ ಹನ್ನೊಂದು ವರ್ಷದ ಬಿಳಿಯ ಸ್ಪಿಟ್ಜ್. ಅವರು ಹೊಲಿಯುವಾಗ ಮಿಷನ್ನಿನ ಪೆಡಲಿನ ಪಕ್ಕ, ಕತ್ತರಿಸಿ ಬಿದ್ದ ಬಟ್ಟೆಯ ಚೂರುಗಳ ಮೇಲೆ ಮಲಗಿರುತ್ತಿತ್ತು. ಏಳು ತಿಂಗಳಿನಿಂದ ಕೆಮ್ಮು ಎಂದು ನಾಲ್ಕು ಸಲ ತೋರಿಸಿದ್ದರು. ನಾಲ್ಕೂ ಸಲ ಸ್ಟೆತಸ್ಕೋಪ್ ಇಟ್ಟು ನೋಡಿದ್ದೆ. ನನ್ನ ರಿಜಿಸ್ಟರಿನಲ್ಲಿ ನಾಲ್ಕೂ ಸಲ ಒಂದೇ ಬರಹವಿತ್ತು: ಹೃದಯ ಸಹಜ. ಉಸಿರು ಸ್ವಲ್ಪ ಒರಟು. ಶ್ವಾಸನಾಳದ ಊತ.

ಆ ಬುಧವಾರ ನಾರಾಯಣಖೇಡದ ಬಸ್ಸಿನಲ್ಲಿ ಹಿಂದಿನ ಸೀಟಿನ ಹೆಂಗಸರ ಮಾತು ನನಗೆ ಅಕ್ಷರ ಬಿಡದೆ ಕೇಳಿಸುತ್ತಿತ್ತು. ಯಾರದೋ ಸೊಸೆ, ಯಾವುದೋ ಕುಬುಸ. ಇಷ್ಟು ಚೆನ್ನಾಗಿ ಕೇಳಿಸುವಾಗ ಕಿವಿಗೆ ಏನಾಗಿರಲು ಸಾಧ್ಯ ಎಂದುಕೊಂಡು ತುಸು ಹಗುರಾದೆ.

ಅಂಗಡಿಗೆ ಹೋದಾಗ ಅಕ್ಕ ಮಿಷನ್ ತುಳಿಯುತ್ತಲೇ ಮಾತಾಡಿದರು. “ಬರ್ರಿ ಡಾಕ್ಟರಮ್ಮ. ಕೆಮ್ಮು ಕಮ್ಮಿ ಆಗವಲ್ದು ನೋಡ್ರಿ. ಮುಂಜಾನಿ ಎದ್ದ ಕೂಡ್ಲೆ ಖಕ್ ಖಕ್ ಅಂತದ. ಬಾಟ್ಲಿ ಔಷಧ ಖಾಲಿ ಆತು.”

ನೆಲಕ್ಕೆ ಕೂತು ಮೋತಿಯನ್ನು ನಿಲ್ಲಿಸಿಕೊಂಡೆ. ಸ್ಟೆತಸ್ಕೋಪ್ ಚೀಲದಿಂದ ತೆಗೆಯಲಿಲ್ಲ. ಎಡ ಮೊಣಕೈಯ ಹಿಂದೆ, ಕೂದಲು ಬಿಡಿಸಿ, ಅಂಗೈ ಇಟ್ಟೆ.

ಬಡಿತ ಸಿಗುವ ಮೊದಲೇ ಕಂಪನ ಸಿಕ್ಕಿತು. ಚರ್ಮದ ಕೆಳಗೆ ಜೇನ್ನೊಣ ಸಿಕ್ಕಿಹಾಕಿಕೊಂಡ ಹಾಗೆ. ಮಿಷನ್ನಿನ ಅದುರು ನೆಲದಿಂದ ಬರುತ್ತಿದೆ ಎಂದುಕೊಂಡು, “ಅಕ್ಕಾ, ಒಂದು ನಿಮಿಷ ಮಿಷನ್ ನಿಲ್ಲಿಸ್ರಿ,” ಅಂದೆ. ನಿಲ್ಲಿಸಿದರು. ಕಂಪನ ನಿಲ್ಲಲಿಲ್ಲ.

ಅದು ಐದನೆಯ ದರ್ಜೆ. ಕಾಲೇಜಿನ ಮೊದಲ ವರ್ಷದ ಹುಡುಗಿಗೂ ಕೇಳಿಸುವಂಥದ್ದು. ಏಳು ತಿಂಗಳಲ್ಲಿ ನಾಲ್ಕು ಸಲ ಅದರ ಮೇಲೆ ಸ್ಟೆತಸ್ಕೋಪ್ ಇಟ್ಟು, ಬಂದ ಮಸುಕು ಸದ್ದನ್ನು ಒರಟು ಉಸಿರು ಎಂದು ಬರೆದು ಎದ್ದು ಬಂದಿದ್ದೆ.

“ಅಕ್ಕಾ, ಎದಿ ಫೋಟೋ ತೆಗೀಬೇಕಾಗ್ಯಾದ. ಶುಕ್ರವಾರ ಜಹೀರಾಬಾದಿಗಿ ಕರ್ಕೊಂಡು ಬರ್ತೀರೇನ್ರಿ?”

“ಎದಿ ಫೋಟೋ ಯಾಕ್ರಿ? ಹೋದ ಸಲ ನೀವೇ ಎದಿ ಚಲೋ ಅದ ಅಂದಿದ್ರಿ.”

“ಒಂದ್ಸಲ ನೋಡಮು ಅಕ್ಕಾ.”

ಅಷ್ಟೇ ಹೇಳಿದೆ. ಶ್ವಾಸಕೋಶದಲ್ಲಿ ತುಂಬಿದ ನೀರನ್ನು ಮೂತ್ರದ ದಾರಿಯಲ್ಲಿ ಇಳಿಸುವ ಗೋಲಿಯನ್ನು ಶುರು ಮಾಡಿಸಿದೆ. ಏಕೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ವಾಪಸು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ದಾರಿಯುದ್ದಕ್ಕೂ ಅಂಗೈಯನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದೆ ಎಂದು ಇಳಿಯುವಾಗ ಗೊತ್ತಾಯಿತು.

ಶುಕ್ರವಾರ ಅಕ್ಕ ಮೋತಿಯನ್ನು ಬಟ್ಟೆಯ ಚೀಲದಲ್ಲಿ ಕೂರಿಸಿಕೊಂಡು ಬಂದರು. ಎಕ್ಸ್‌ರೇ ತೆಗೆಸಿದೆವು. ನಾಯಿಯ ಹೃದಯ ಹಿಗ್ಗಿದೆಯೇ ಎಂದು ಅಳೆಯಲು ಒಂದು ಸರಳ ಕ್ರಮವಿದೆ, ಅದನ್ನೂ ಈ ತರಬೇತಿಯಲ್ಲೇ ಕಲಿತದ್ದು. ಹೃದಯದ ಉದ್ದವನ್ನು ಕಾಗದದ ಪಟ್ಟಿಯ ಮೇಲೆ ಗುರುತು ಮಾಡಿಕೊಳ್ಳಬೇಕು. ಆ ಪಟ್ಟಿಯನ್ನು ಬೆನ್ನುಮೂಳೆಯ ಮೇಲೆ, ಎದೆಯ ಭಾಗದ ನಾಲ್ಕನೆಯ ಮಣಿಯಿಂದ ಹಿಡಿದು, ಎಷ್ಟು ಮಣಿ ದಾಟುತ್ತದೆ ಎಂದು ಎಣಿಸಬೇಕು. ಅಗಲಕ್ಕೂ ಹಾಗೆಯೇ. ಎರಡನ್ನೂ ಕೂಡಿದರೆ ಹತ್ತೂವರೆಯ ಒಳಗಿರಬೇಕು. ಮೋತಿಯದು ಹನ್ನೆರಡೂವರೆ. ಉಸಿರುನಾಳವನ್ನು ಹೃದಯ ಕೆಳಗಿನಿಂದ ಮೇಲಕ್ಕೆ ಒತ್ತಿತ್ತು. ಕೆಮ್ಮು ಬರುತ್ತಿದ್ದದ್ದು ಅದಕ್ಕೆ. ಶ್ವಾಸಕೋಶದ ಹಿಂಭಾಗದಲ್ಲಿ ಮಂಜು ಕವಿದಂತೆ ನೀರು.

ಅಕ್ಕ ಹೊರಗಿನ ಬೆಂಚಿನ ಮೇಲಿದ್ದರು. ಒಳಗೆ ನಾನು ಮತ್ತು ಚಾಚಾ. ಚಾಚಾ ನನ್ನ ಕಂಪೌಂಡರ್. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದು, ನಿವೃತ್ತರಾದ ಮೇಲೆ ನನ್ನ ಜೊತೆಗಿದ್ದಾರೆ. ಸ್ಟೆತಸ್ಕೋಪನ್ನು ಅವರ ಕೈಗೆ ಕೊಟ್ಟೆ.

“ಚಾಚಾ, ಕೇಳ್ರಿ. ಏನು ಕೇಳಸ್ತದ ಹೇಳ್ರಿ.”

ಅವರು ಕಿವಿಗಿಟ್ಟುಕೊಂಡು ಮೋತಿಯ ಎದೆಗೆ ಮುಟ್ಟಿಸಿದ ತಕ್ಷಣ ತಲೆ ಹಿಂದಕ್ಕೆಳೆದರು. “ಅರೇ! ಕುಕ್ಕರ್ ಬಿಟ್ಟಂಗ ಸುಸ್ ಸುಸ್ ಅಂತದಲ್ರಿ.”

ಅವರು ಸ್ಟೆತಸ್ಕೋಪ್ ತೆಗೆದು ಮಡಿಚಿ ಮೇಜಿನ ಮೇಲಿಟ್ಟು, ಸುತ್ತಿ ಬಂದು ನನ್ನ ಎದುರಿಗೆ ನಿಂತರು.

“ಬೇಟಿ, ಮೂರು ವರ್ಷ ಆತು. ನಾ ನಿಮ್ಮ ಮುಂದ ಬಂದು ನಿಂತೇ ಮಾತಾಡ್ತಾ ಇದ್ದೀನಿ. ಹಿಂದಿನಿಂದ ಕರದ್ರ ನಿಮಗ ಗೊತ್ತಾಗಲ್ದು.”

“ಹೇಳಬೇಕಿತ್ತಲ್ಲ ಚಾಚಾ.”

“ಹಿಮ್ಮತ್ ಆಗ್ಲಿಲ್ಲ. ಡಾಕ್ಟರಿಗಿ ಕಿವಿ ಕೇಳ್ಸಂಗಿಲ್ಲ ಅಂತ ಕಂಪೌಂಡರ್ ಹೇಳದ್ರ ಹೆಂಗಿರ್ತದ್ರಿ?”

ಮೂರು ವರ್ಷ. ಅವರು ನನ್ನ ಮುಂದೆ ಬಂದು ನಿಲ್ಲುವುದನ್ನು ನಾನು ಹಳೆಯ ಸರ್ಕಾರಿ ನೌಕರರ ಮರ್ಯಾದೆ ಎಂದುಕೊಂಡಿದ್ದೆ. ಒಬ್ಬಳೇ ಇರುವ ಮನೆಯಲ್ಲಿ ಕಿವಿ ಕಡಿಮೆಯಾದರೆ ಹೇಳುವವರು ಯಾರು? ಟಿವಿ ಜೋರಾಯಿತು ಎನ್ನಲು ಯಾರೂ ಇಲ್ಲ. ಕರೆದರೆ ಓಗೊಡಲಿಲ್ಲವೆಂದು ಸಿಟ್ಟಾಗಲೂ ಯಾರೂ ಇಲ್ಲ.

ಅಕ್ಕನಿಗೆ ಅಂದೂ ಹೇಳಲಿಲ್ಲ. ಹೃದಯ ದೊಡ್ಡದಾಗಿದೆ, ನೀರಿಳಿಸುವ ಗೋಲಿಯ ಜೊತೆಗೆ ಹೃದಯಕ್ಕೆ ಬಲ ಕೊಡುವ ಇನ್ನೊಂದು ಗೋಲಿ, ಅದನ್ನು ಊಟಕ್ಕೆ ಒಂದು ತಾಸು ಮೊದಲು ಖಾಲಿ ಹೊಟ್ಟೆಗೆ ಕೊಡಬೇಕು ಎಂದಷ್ಟೇ ವಿವರಿಸಿದೆ. ಮೋತಿ ಮಧ್ಯಾಹ್ನ ಮಲಗಿ ನಿದ್ದೆ ಹೋದಾಗ ಒಂದು ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸಿ ನನಗೆ ತಿಳಿಸಲು ಹೇಳಿದೆ. ಎದೆ ಏರಿ ಇಳಿದರೆ ಒಂದು. ಮೂವತ್ತು ದಾಟಿದರೆ ಫೋನ್ ಮಾಡಬೇಕು. ಅಕ್ಕ ನನ್ನ ಮುಂದೆಯೇ ಎಣಿಸಿ ತೋರಿಸಿದರು, ತಪ್ಪಲಿಲ್ಲ. “ಹಳೇ ಕಾಯಿಲೆ ಏನ್ರಿ ಇದು?” ಎಂದು ಕೇಳಿದರು. “ಸ್ವಲ್ಪ ದಿನದ್ದು,” ಅಂದೆ.

ಮರುದಿನ ಶನಿವಾರ, ತಾಂಡೂರಿನ ಕೆಲಸ ಬೇಗ ಮುಗಿಸಿ ಅಲ್ಲಿನ ಕಿವಿಯ ವೈದ್ಯರ ಬಳಿ ಹೋದೆ. ಜಹೀರಾಬಾದಿನಲ್ಲೂ ವೈದ್ಯರಿದ್ದರು. ಆದರೆ ಅಲ್ಲಿ ಕಾಯುವ ಬೆಂಚಿನ ಮೇಲೆ ಯಾರಾದರೊಬ್ಬರು ತಮ್ಮ ಎಮ್ಮೆಯನ್ನು ನನಗೆ ತೋರಿಸಿದವರಿರುತ್ತಾರೆ. ತಾಂಡೂರಿನವರು ವಯಸ್ಸಾದ ವೈದ್ಯರು. ಯಾಲಾಲ್ ಕಡೆಯ ರೈತರೊಬ್ಬರ ಕಿವಿಯಿಂದ ಜೋಳದ ಕಾಳು ತೆಗೆದು ಕಳಿಸಿ ನನ್ನನ್ನು ಕರೆದರು.

ಶ್ರುತಿಕವೆಯನ್ನು, ಅಂದರೆ ತಟ್ಟಿದರೆ ಗುಂಯ್‌ಗುಡುವ ಆ ಕಬ್ಬಿಣದ ಕವಲನ್ನು, ಮೊಣಕೈಗೆ ತಟ್ಟಿ ನನ್ನ ಕಿವಿಯ ಮುಂದೆ ಹಿಡಿದರು. ತೆಳ್ಳಗೆ ಕೇಳಿಸಿತು. ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ತಲೆಯೊಳಗೇ ಗಂಟೆ ಬಾರಿಸಿದ ಹಾಗೆ ತುಂಬಿತು.

“ಎಲ್ಲಿ ಜೋರು?”

“ಮೂಳಿ ಮ್ಯಾಲ್ರಿ.”

ಅವರು ಕವಲನ್ನು ಕೆಳಗಿಟ್ಟು ಕೇಳಿದರು: “ಬಸ್ಸಿನಾಗ, ಸಂತಿಯಾಗ ಚಲೋ ಕೇಳಸ್ತದೇನಮ್ಮ?”

“ಹೌದ್ರಿ. ಭಾಳ ಚಲೋ ಕೇಳಸ್ತದ.”

“ಅದೇ. ಗದ್ದಲದಾಗ ಎಲ್ಲಾರೂ ಜೋರಾಗಿ ಮಾತಾಡ್ತಾರ. ಅವ್ರಿಗಿ ತೊಂದ್ರಿ ಕೊಡೋ ಗುಂಯ್ ಸಪ್ಪಳ ನಿಮ್ಮ ಕಿವ್ಯಾಗ ಹೋಗಂಗಿಲ್ಲ, ಮಾತು ಹೋಗ್ತದ. ಅದಕ್ಕ ಇಂಥವ್ರಿಗಿ ಭಾಳ ವರ್ಷ ಗೊತ್ತೇ ಆಗಂಗಿಲ್ಲ.”

ಯಂತ್ರದ ಪರೀಕ್ಷೆಯೂ ಆಯಿತು. ಎರಡೂ ಕಿವಿಯಲ್ಲಿ ಎದೆಬಡಿತದಂಥ ತಗ್ಗು ಶ್ರುತಿಯ ಸದ್ದುಗಳೇ ಹೆಚ್ಚು ಹೋಗಿದ್ದವು. ಮಧ್ಯಕಿವಿಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕದೊಂದು ಮೂಳೆಯಿದೆ, ಕುದುರೆಯ ಮೇಲೆ ಕೂತವರು ಕಾಲಿಡುವ ರಿಕಾಪಿನ ಆಕಾರದ್ದು. ಅದರ ಬುಡ ನಿಧಾನವಾಗಿ ಬಿಗಿದುಕೊಳ್ಳುತ್ತಿದೆ ಎಂದರು. ಅಲುಗಾಡಬೇಕಾದದ್ದು ಅಲುಗಾಡುತ್ತಿಲ್ಲ. ಹೈದರಾಬಾದಿನಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಾರೆ, ಹೆಚ್ಚಿನವರಿಗೆ ಗುಣವಾಗುತ್ತದೆ, ಅಪರೂಪಕ್ಕೆ ಇರುವುದೂ ಹೋಗುತ್ತದೆ. ಅಲ್ಲಿಯವರೆಗೆ ಕಿವಿಗೆ ಕೇಳಿಸುವ ಯಂತ್ರ ಹಾಕಿಕೊಳ್ಳಬಹುದು. ಯಂತ್ರ ಹಾಕಿಕೊಂಡರೆ ಅದರ ಮೇಲೆ ಸ್ಟೆತಸ್ಕೋಪ್ ಕೂರುವುದಿಲ್ಲ, ಅದನ್ನು ನಾನೇ ಕೇಳಿ ತಿಳಿದುಕೊಂಡೆ. ನಾನೂ ವೈದ್ಯೆ ಎಂದು ಅವರಿಗೆ ಹೇಳಿರಲಿಲ್ಲ. ಆ ಪ್ರಶ್ನೆ ಕೇಳಿದ ಮೇಲೆ ಗೊತ್ತಾಯಿತು. ಅವರು ನನ್ನನ್ನು ನೋಡಿದ ರೀತಿ ಬದಲಾಯಿತು.

ತಾಂಡೂರಿನಿಂದ ಬರುವಾಗ, ರಸ್ತೆಯ ಎರಡೂ ಬದಿಗೆ ಕಲ್ಲುಚಪ್ಪಡಿಗಳ ರಾಶಿ ಕಳೆಯುತ್ತ ಹೋದಂತೆ, ಮಾಡಬೇಕಾದ್ದು ಏನೆಂದು ಲೆಕ್ಕ ಹಾಕಿದೆ. ಯಾರಿಗೂ ಹೇಳದೆ ಸರಿಪಡಿಸಿಕೊಳ್ಳುವ ದಾರಿ ಇತ್ತು. ಈಗ ವಿದ್ಯುನ್ಮಾನ ಸ್ಟೆತಸ್ಕೋಪುಗಳು ಬಂದಿವೆ. ಸದ್ದನ್ನು ಹಿಗ್ಗಿಸುವುದಷ್ಟೇ ಅಲ್ಲ, ಫೋನಿನ ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತವೆ. ಒಂದನ್ನು ತರಿಸಿಕೊಂಡು, ಗೆರೆ ನೋಡುತ್ತ, ಕೇಳಿದವಳಂತೆ ತಲೆಯಾಡಿಸಿದರೆ ಆಯಿತು. ಟೇಲರ್ ಅಕ್ಕನಿಗೆ ಮೋತಿಯ ಕಾಯಿಲೆ ಈಗ ಶುರುವಾದದ್ದು ಎಂದು ಆಗಲೇ ಹೇಳಿದ್ದೆ. ಆ ಸುಳ್ಳಿನ ಮೇಲೆ ಇನ್ನೇನೂ ಸೇರಿಸಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು.

ಭಾನುವಾರ ತರಗತಿಗೆ ಕೂರಲಿಲ್ಲ. ಅದರ ಬದಲು ಚಿಕಿತ್ಸಾಲಯದ ಬೀಗ ತೆಗೆದು ಮೂರು ವರ್ಷದ ರಿಜಿಸ್ಟರುಗಳನ್ನು ಮೇಜಿನ ಮೇಲೆ ಹಾಕಿಕೊಂಡೆ. ಎಂಟು ವರ್ಷ ದಾಟಿದ ಸಣ್ಣ ನಾಯಿಗಳು, ಕೆಮ್ಮು ಅಥವಾ ಆಯಾಸ ಎಂದು ಬಂದವು, ನಾನು ಹೃದಯ ಸಹಜ ಎಂದು ಬರೆದವು. ಹತ್ತೊಂಬತ್ತು ಸಿಕ್ಕವು. ಕೈಬರಹ ನನ್ನದೇ, ಎಲ್ಲಿಯೂ ಅನುಮಾನದ ಒಂದು ಚುಕ್ಕೆಯೂ ಇರಲಿಲ್ಲ. ಅಷ್ಟೊಂದು ದುಂಡಗೆ, ನಿಶ್ಚಿಂತೆಯಿಂದ ಬರೆದಿದ್ದೆ. ಸುಮ್ಮನಿರುವುದು ಸಾಧ್ಯವಿಲ್ಲ ಎಂದು ಆಗ ತೀರ್ಮಾನವಾಯಿತು.

ಬುಧವಾರ ನಾರಾಯಣಖೇಡದಲ್ಲಿ ಮೋತಿ ಬಾಗಿಲವರೆಗೆ ಎದ್ದು ಬಂತು. ಕೆಮ್ಮು ಅರ್ಧಕ್ಕರ್ಧ ಇಳಿದಿತ್ತು. ಅಕ್ಕ ಖುಷಿಯಲ್ಲಿದ್ದರು. ಒಬ್ಬ ಹೆಂಗಸು ಬ್ಲೌಸಿನ ತೋಳು ಬಿಗಿಯಾಯಿತೆಂದು ಸಡಿಲ ಮಾಡಿಸಲು ಬಂದು ಸ್ಟೂಲಿನ ಮೇಲೆ ಕೂತಿದ್ದಳು. ಅವಳು ಹೋಗಲಿ ಎಂದು ಕಾದೆ. ಹೋಗಲಿಲ್ಲ. ಇನ್ನು ಕಾಯುತ್ತ ಕೂತರೆ ಹೇಳದೆಯೇ ಎದ್ದುಬಿಡುತ್ತೇನೆ ಎಂದು ಗೊತ್ತಿತ್ತು.

“ಅಕ್ಕಾ, ಒಂದು ಮಾತು ಹೇಳೋದದ. ಮೋತಿ ಕಾಯಿಲೆ ಈಗಿಂದಲ್ಲ. ಮೊದಲನೇ ಸಲ ಕೆಮ್ಮು ಅಂತ ತೋರಿಸ್ದಾಗನೂ ಇದ್ದಿರಬೇಕು. ಎದಿ ಮ್ಯಾಲ ನಳಿಗಿ ಇಟ್ರ ಯಾರಿಗಾದ್ರೂ ಕೇಳ್ಸೋ ಸಪ್ಪಳ ಅದು. ನನಗ ಕೇಳ್ಸಿಲ್ಲ. ನನ್ನ ಕಿವಿ ಸರಿ ಇಲ್ಲ. ಅದು ನನಗೂ ಹೋದ ವಾರ ಗೊತ್ತಾತು. ನಿಮಗ ಶುಕ್ರವಾರನೇ ಹೇಳ್ಬೇಕಿತ್ತು, ಹೇಳ್ಲಿಲ್ಲ.”

ಅಕ್ಕನ ಕಾಲು ಪೆಡಲಿನ ಮೇಲೆ ನಿಂತಿತು. ಮಿಷನ್ ನಿಂತಿತು. ಅಂಗಡಿ ನಿಶ್ಶಬ್ದವಾಯಿತು, ಅಂದರೆ ನನ್ನ ಪಾಲಿಗೆ ಎಲ್ಲವೂ ಮುಚ್ಚಿಹೋಯಿತು. ಅವರು ತಲೆ ಬಗ್ಗಿಸಿ ಬಟ್ಟೆಯನ್ನೇ ನೋಡುತ್ತ ಏನೋ ಹೇಳಿದರು. ತುಟಿ ಕಾಣಲಿಲ್ಲ.

“ಏನಂದ್ರಿ ಅಕ್ಕಾ?”

ಅವರು ಮತ್ತೆ ಹೇಳಿದರು. ಮತ್ತೆ ಕೇಳಿಸಲಿಲ್ಲ. ಸ್ಟೂಲಿನ ಮೇಲಿದ್ದವಳು ನನ್ನನ್ನೇ ನೋಡುತ್ತಿದ್ದಳು. ಮೂರನೆಯ ಸಲವೂ ಕೇಳಿದೆ.

ಅಕ್ಕ ಮುಖ ಎತ್ತಿದರು. ದನಿ ಓಣಿಯ ಆಚೆಗೂ ಹೋಗುವಷ್ಟು ದೊಡ್ಡದಾಗಿತ್ತು. “ಕೆಮ್ಮಿದಾಗೆಲ್ಲ ನಾ ಬೈದೀನಿ ಅಂದೆ! ನಿಮ್ಮ ಬಾಟ್ಲಿ ಔಷಧ ಉಗುಳ್ತಾನ ಅಂತ ಹೊಡ್ದೀನಿ ಅಂದೆ! ಏಳು ತಿಂಗಳು ಅದಕ್ಕ ಹೊಡ್ದು ಹೊಡ್ದು ಕುಡ್ಸೀನಿ.”

ನಾನು ನೆಲದ ಮೇಲೆ ಕೂತೇ ಇದ್ದೆ. ಮೋತಿ ನಮ್ಮಿಬ್ಬರ ನಡುವೆ ಬಂದು ನಿಂತು ಬಾಲ ಆಡಿಸಿತು. ಗದ್ದಲವಾದರೆ ಅದು ಹಾಗೇ ಮಾಡುತ್ತಿತ್ತಂತೆ.

ಆಮೇಲೆ ಅಕ್ಕ ಕೇಳಿದರು. ಈಗ ಮುಖ ನನ್ನ ಕಡೆಗೇ ಇತ್ತು. “ಈಗ ಕೊಟ್ಟ ಗೋಲಿ ಖರೆ ಏನ್ರಿ?”

“ಖರೆ ಅಕ್ಕಾ.”

“ಕೇಳಿ ಕೊಟ್ಟೀರೋ, ಫೋಟೋ ನೋಡಿ ಕೊಟ್ಟೀರೋ?”

“ಫೋಟೋ ನೋಡಿ, ಕೈ ಇಟ್ಟು ನೋಡಿ ಕೊಟ್ಟೀನಿ. ನಮ್ಮ ಚಾಚಾನೂ ಕೇಳ್ಯಾರ. ಬೇಕಾದ್ರ ಬೀದರಿಗಿ ಹೋಗಿ ಬ್ಯಾರೇ ಡಾಕ್ಟರಿಗಿ ತೋರಸ್ರಿ, ನಾ ಎಲ್ಲಾ ಬರ್ಕೊಡ್ತೀನಿ.”

“ಬರ್ಕೊಡ್ರಿ,” ಎಂದರು. ಬರೆದುಕೊಟ್ಟೆ. ನಾಲ್ಕು ಸಲ ತಪ್ಪು ಬರೆದದ್ದನ್ನೂ ಸೇರಿಸಿ, ಸಹಿ ಹಾಕಿ ಕೊಟ್ಟೆ. ಅವರು ಅದನ್ನು ಅಳತೆಯ ಪುಸ್ತಕದೊಳಗೆ ಇಟ್ಟುಕೊಂಡರು. ಹೋಗಿ ಬರ್ತೀನಿ ಎಂದಾಗ ಮಿಷನ್ ಮತ್ತೆ ಶುರುವಾಗಿತ್ತು.

ಆ ವಾರ ಬೋಧಕಿಗೆ ಪತ್ರ ಬರೆದೆ. ಕಿವಿ, ಮೋತಿ, ಆ ಹತ್ತೊಂಬತ್ತು ನಾಯಿಗಳು ಎಲ್ಲವನ್ನೂ ಬರೆದು, ನಾಲ್ಕನೆಯ ಧ್ವನಿಗೆ ನಾನು ಬರೆದ ಉತ್ತರ ನಕಲು ಎಂಬುದನ್ನೂ ಸೇರಿಸಿದೆ. ಅವರು ವಿಡಿಯೋ ಕರೆ ಮಾಡಿದರು. ಸಮಾಧಾನದ ಮಾತು ಆಡಲಿಲ್ಲ, ಅದಕ್ಕೆ ಇಂದಿಗೂ ಕೃತಜ್ಞಳು. ಕೊನೆಯ ಪರೀಕ್ಷೆಯಲ್ಲಿ ಕೇಳಿ ಹೇಳುವ ಭಾಗವೊಂದಿದೆ, ಅದನ್ನು ತೆಗೆಯಲಾಗದು. ಗೆರೆ ತೋರಿಸುವ ಸ್ಟೆತಸ್ಕೋಪ್ ಬಳಸಲು ನಿಮ್ಮ ಪರವಾಗಿ ನಾನೇ ಅನುಮತಿ ಕೇಳುತ್ತೇನೆ. ಪರೀಕ್ಷೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿಕೊಳ್ಳಿ ಎಂದರು. ಆಮೇಲೆ, “ಆ ಹತ್ತೊಂಬತ್ತು ನಾಯಿಗಳನ್ನು ಏನು ಮಾಡುತ್ತೀರಿ?” ಎಂದು ಕೇಳಿದರು. ಕರೆಸುತ್ತೇನೆ ಎಂದೆ. “ತರಬೇತಿಗೆ ನೀವು ಒಪ್ಪಿಸಬೇಕಾದ ಪ್ರಕರಣ ವರದಿಯನ್ನು ಅದರ ಮೇಲೆಯೇ ಬರೆಯಿರಿ. ನೀವು ಸರಿ ಮಾಡಿದ್ದರ ಮೇಲಲ್ಲ,” ಎಂದು ಫೋನಿಟ್ಟರು.

ಕರೆಸುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಫೋನಿನಲ್ಲಿ ತುಟಿ ಕಾಣುವುದಿಲ್ಲ. ಸ್ಪೀಕರ್ ಹಾಕಿ, ಚಾಚಾ ಪಕ್ಕದಲ್ಲಿ ಕೂತು ಹೇಳಿದ್ದನ್ನು ತಿರುಗಿ ಹೇಳುತ್ತಿದ್ದರು. ಕೆಲವು ನಂಬರುಗಳು ಹೋಗಿದ್ದವು. ಕೊಹೀರಿನ ಒಬ್ಬರು, “ನಾಯಿ ಸತ್ತು ವರ್ಷ ಆತಲ್ರಿ, ಈಗ್ಯಾಕ್ರಿ?” ಎಂದು ಕೇಳಿದರು. ಯಾಕೆಂದು ಅವರಿಗೂ ಹೇಳಿದೆ. ನ್ಯಾಲ್ಕಲ್‌ನ ಒಬ್ಬರು ಬೈದು ಫೋನ್ ಇಟ್ಟರು. ಹನ್ನೊಂದು ನಾಯಿಗಳು ಬಂದವು. ಒಂದೊಂದಕ್ಕೂ ಮೊದಲು ಅಂಗೈ, ಆಮೇಲೆ ಚಾಚಾ ಅವರ ಕಿವಿ, ಆಮೇಲೆ ಹೊಸದಾಗಿ ತರಿಸಿದ ವಿದ್ಯುನ್ಮಾನ ಸ್ಟೆತಸ್ಕೋಪು ಫೋನಿನ ಪರದೆಯ ಮೇಲೆ ತೋರಿಸುವ ಗೆರೆ. ಎರಡು ಬಡಿತಗಳ ನಡುವೆ ಗೆರೆ ಸಪಾಟಾಗಿದ್ದರೆ ಸಹಜ. ಗರಗಸದ ಹಲ್ಲಿನಂತೆ ತುಂಬಿಕೊಂಡಿದ್ದರೆ ಮರ್ಮರ್. ನಾಲ್ಕಕ್ಕೆ ತುಂಬಿಕೊಂಡಿತ್ತು. ಆ ನಾಲ್ಕರಲ್ಲಿ ಮೂರಕ್ಕೆ ಚಿಕಿತ್ಸೆ ಶುರು ಮಾಡಲು ಇನ್ನೂ ಸಮಯವಿತ್ತು.

ಊರಲ್ಲಿ ಸುದ್ದಿ ಹರಡಿತು. ಕೆಲವರು ಬರುವುದು ಬಿಟ್ಟರು. ಬಂದವರಲ್ಲೂ ಕೆಲವರು ಅನವಶ್ಯಕವಾಗಿ ಕೂಗಿ ಮಾತಾಡತೊಡಗಿದರು. ಕಿವಿಗೆ ಯಂತ್ರ ಹಾಕಿಕೊಂಡೆ. ಮೊದಲ ಸಲ ಹಾಕಿಕೊಂಡ ದಿನ ಮನೆಯಲ್ಲಿ ನಲ್ಲಿ ಸೋರುತ್ತಿರುವುದು ಗೊತ್ತಾಯಿತು. ಎಷ್ಟು ದಿನದಿಂದ ಸೋರುತ್ತಿತ್ತೋ. ಶಸ್ತ್ರಚಿಕಿತ್ಸೆಯ ಬಗ್ಗೆ ಇನ್ನೂ ನಿರ್ಧರಿಸಿಲ್ಲ.

ಅಕ್ಕ ಬೀದರಿಗೆ ಹೋಗಿ ಬಂದರು ಎಂದು ಯಾರೋ ಹೇಳಿದರು. ಅಲ್ಲಿಯೂ ಅದೇ ಗೋಲಿಗಳನ್ನು ಮುಂದುವರಿಸಲು ಹೇಳಿದ್ದರಂತೆ. ಮೂರು ವಾರ ಅವರಿಂದ ಏನೂ ಇರಲಿಲ್ಲ. ನಾಲ್ಕನೆಯ ವಾರ, ಮಧ್ಯಾಹ್ನದ ಹೊತ್ತು, ಫೋನಿಗೆ ಒಂದು ಅಂಕಿ ಬಂತು. 24. ನಮಸ್ಕಾರವಿಲ್ಲ, ಹೆಸರಿಲ್ಲ. ಮರುದಿನ 22. ಅದರ ಮರುದಿನ 25. ನಾನು “ಚಲೋ ಅದ ಅಕ್ಕಾ” ಎಂದು ಬರೆಯುತ್ತಿದ್ದೆ. ಅದಕ್ಕೆ ಉತ್ತರ ಬರುತ್ತಿರಲಿಲ್ಲ. ಮರುದಿನ ಮತ್ತೊಂದು ಅಂಕಿ ಬರುತ್ತಿತ್ತು. ಎಮ್ಮೆಯ ಹೆರಿಗೆಯ ನಡುವೆಯೂ, ಕುರಿಗಳಿಗೆ ಲಸಿಕೆ ಹಾಕುವಾಗಲೂ ಮೂರು ಗಂಟೆಯ ಸುಮಾರಿಗೆ ಫೋನ್ ನೋಡುವುದು ನನಗೆ ರೂಢಿಯಾಯಿತು. ಹೀಗೆ ಎಂಟು ತಿಂಗಳು. ಬುಧವಾರ ಅಂಗಡಿಗೆ ಹೋದಾಗ ನೀರು ಕೊಡುತ್ತಿದ್ದರು, ಮೋತಿಯನ್ನು ಹಿಡಿದುಕೊಡುತ್ತಿದ್ದರು, ಕೇಳಿದ್ದಕ್ಕೆ ನನ್ನ ಕಡೆ ಮುಖ ಮಾಡಿ ಉತ್ತರಿಸುತ್ತಿದ್ದರು. ಬೇರೆ ಮಾತಿರಲಿಲ್ಲ.

ಒಂದು ಸೋಮವಾರ 38 ಬಂತು. ನೀರಿಳಿಸುವ ಗೋಲಿ ಹೆಚ್ಚಿಸಿದೆ. ಮರುದಿನ 31. ಗುರುವಾರ 44. ಶುಕ್ರವಾರ ಅಂಕಿ ಬರಲಿಲ್ಲ. ಬೆಳಿಗ್ಗೆಯೇ ಅಕ್ಕನ ಫೋನ್ ಬಂತು.

“ನೀವೇ ಬರ್ರಿ,” ಎಂದಷ್ಟೇ ಹೇಳಿದರು. ಆ ಒಂದು ಮಾತು ಚಾಚಾ ತಿರುಗಿ ಹೇಳದೆಯೇ ನನಗೆ ಕೇಳಿಸಿತು.

ಹೋದಾಗ ಮೋತಿ ಮಿಷನ್ನಿನ ಪಕ್ಕ ಮೊಣಕೈ ಅಗಲಿಸಿ, ಕುತ್ತಿಗೆ ಚಾಚಿ ಕೂತಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ವಸಡು ನೀಲಿಗೆ ತಿರುಗಿತ್ತು. ಸೂಜಿಯ ಮೂಲಕ ಔಷಧ ಕೊಟ್ಟು, ಒಂದು ತಾಸು ಕಾದು, ಮತ್ತೆ ಕೊಟ್ಟೆ. ಎಣಿಸಿದೆವು, ಇಬ್ಬರೂ ಬೇರೆ ಬೇರೆ. ಅರವತ್ತಕ್ಕಿಂತ ಕೆಳಗೆ ಬರಲಿಲ್ಲ.

“ಇನ್ನ ಏನು ಮಾಡಾಕ ಬರ್ತದ್ರಿ?”

“ಸಂಕಟ ಇಲ್ದಂಗ ಕಳಿಸಾಕ ಬರ್ತದ ಅಕ್ಕಾ. ಬ್ಯಾರೇ ಏನೂ ಇಲ್ಲ.”

ಅವರು ಅಂಗಡಿಯ ಬಾಗಿಲು ಅರ್ಧ ಎಳೆದು ಬಂದು ಕೂತರು. ಮೋತಿಯ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡರು. ಮೊದಲು ಮಂಪರಿನ ಇಂಜೆಕ್ಷನ್. ಉಸಿರಾಟದ ಎಳೆತ ಸಡಿಲವಾಗಿ, ಎಷ್ಟೋ ದಿನದ ಮೇಲೆ ಅದು ಒಂದು ಮಗ್ಗುಲಿಗೆ ಮಲಗಿತು. ಆಮೇಲೆ ಮುಂಗಾಲಿನ ನಾಳಕ್ಕೆ ಎರಡನೆಯದು, ನಿಧಾನವಾಗಿ.

ಇದಾದ ಮೇಲೆ ವೈದ್ಯರು ಒಂದು ಕೆಲಸ ಮಾಡಬೇಕು. ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು, ಹೃದಯ ನಿಂತಿದೆ ಎಂದು ಪೂರ್ತಿ ಒಂದು ನಿಮಿಷ ಕೇಳಿ ಖಚಿತಪಡಿಸಿಕೊಳ್ಳಬೇಕು. ಅಂಗೈ ಇಟ್ಟೆ. ಏನೂ ಇರಲಿಲ್ಲ. ಸ್ಟೆತಸ್ಕೋಪ್ ಇಟ್ಟು ಫೋನ್ ನೋಡಿದೆ. ಗೆರೆ ನೇರವಾಗಿ ಹೋಗುತ್ತಿತ್ತು. ಫೋನನ್ನು ಅಕ್ಕನ ಕಡೆ ತಿರುಗಿಸಿದೆ.

ಅವರು ಅದನ್ನು ನೋಡಲಿಲ್ಲ. “ಗೆರಿ ನನಗ ತಿಳಿಯಂಗಿಲ್ಲ. ನಿಮಗ ಕೇಳಸ್ತದೇನ್ರಿ?”

“ಇಲ್ಲ ಅಕ್ಕಾ.”

“ಹಂಗಾರ ನನಗ ಕೊಡ್ರಿ.”

ಕೊಟ್ಟೆ. ಕಿವಿಗಿಡುವ ತುದಿಗಳನ್ನು ಹಿಂದುಮುಂದಾಗಿ ಹಿಡಿದಿದ್ದರು, ತಿರುಗಿಸಿ ಸರಿ ಮಾಡಿದೆ. ಎಡ ಮೊಣಕೈಯ ಹಿಂದಿನ ಜಾಗವನ್ನು ಬೆರಳಿನಿಂದ ತೋರಿಸಿದೆ. ಅವರು ಬಿಲ್ಲೆಯನ್ನು ಅಲ್ಲಿಟ್ಟು, ಕಣ್ಣು ಮುಚ್ಚಿ, ಬಗ್ಗಿ ಕೂತರು. ನಾನು ಗಡಿಯಾರ ನೋಡುತ್ತಿದ್ದೆ. ಒಂದು ನಿಮಿಷವಾಯಿತು.

ಅವರು ನನಗೆ ಕಾಣುವಂತೆ ಮುಖ ಎತ್ತಿ ಹೇಳಿದರು: “ಏನೂ ಇಲ್ರಿ.”

ಹೇಳಿದ ಮೇಲೂ ನಳಿಗೆಯನ್ನು ತೆಗೆಯಲಿಲ್ಲ. ಮತ್ತೆ ತಲೆ ಬಗ್ಗಿಸಿ ಕೇಳುತ್ತಲೇ ಇದ್ದರು. ನಾನು ಗಡಿಯಾರ ನೋಡುವುದನ್ನು ನಿಲ್ಲಿಸಿದೆ.